ಬಳಸುವವರೇ ಬಲ್ಲವರು

ಯುಎಕ್ಸ್ ಸಂಶೋಧನೆಯ ತಾತ್ವಿಕ ಬುನಾದಿ ಯಾವುದು? ಉತ್ತರ ಹುಡುಕಲು ಕೃಷ್ಣೆಯ ದಡದಲ್ಲಿ ರೈತರೇ ಕಟ್ಟಿಕೊಂಡ ಬ್ಯಾರೇಜಿನಿಂದ ಹೊರಡಬಹುದು

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಬಳಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜಿಗೆ ‘ಶ್ರಮಬಿಂದು ಸಾಗರ’ ಎಂದು ಹೆಸರು. 1989ರಲ್ಲಿ ಅದು ಕಟ್ಟಿ ಮುಗಿದಾಗ ನಾಡೆಲ್ಲ ಇತ್ತ ತಿರುಗಿ ನೋಡಿತು. ಏಕೆಂದರೆ ಅದನ್ನು ಕಟ್ಟಿಸಿದ್ದು ಸರ್ಕಾರವಲ್ಲ. ನದಿತೀರದ ರೈತರು ಸಂಘ ಮಾಡಿಕೊಂಡು, ತಮ್ಮೊಳಗೇ ಹಣ ಕೂಡಿಸಿ, ಮೈಮುರಿದು ದುಡಿದು ಎತ್ತಿ ನಿಲ್ಲಿಸಿದ ಕಟ್ಟಡ ಅದು. ತಗುಲಿದ ವೆಚ್ಚ ಒಂದು ಕೋಟಿ ರೂಪಾಯಿಯ ಆಸುಪಾಸು. ಮುಂದಾಳತ್ವ ವಹಿಸಿದ ಸಿದ್ದು ನ್ಯಾಮಗೌಡರು ಜನರ ಬಾಯಲ್ಲಿ ‘ಬ್ಯಾರೇಜ್ ಸಿದ್ದು’ ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯನ್ನು ಸೋಲಿಸಿದರು. ಜಮಖಂಡಿಯ ಶಾಸಕರಾಗಿದ್ದಾಗಲೇ 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಒಗ್ಗಟ್ಟಿನ ಕಥೆಯಾಗಿ, ಸರ್ಕಾರಕ್ಕೆ ಕಾಯದೆ ಎದ್ದು ನಿಂತವರ ಕಥೆಯಾಗಿ ಹೇಳುತ್ತೇವೆ. ಅದು ನಿಜವೂ ಹೌದು. ಮೇಲ್ಭಾಗದ ಹಿಪ್ಪರಗಿ ಬ್ಯಾರೇಜು 1970ರ ದಶಕದಲ್ಲಿ ಶುರುವಾಗಿ ದಶಕಗಟ್ಟಲೆ ಕುಂಟುತ್ತಿದ್ದಾಗ ಕೆಳಗಿನವರು ತಮ್ಮ ದಾರಿ ತಾವು ಕಂಡುಕೊಂಡರು. ಆದರೆ ಇದರೊಳಗೆ ಇನ್ನೊಂದು ಕಥೆ ಇದೆ. ಅದು ತಿಳಿವಳಿಕೆಯ ಕಥೆ.

ಮಳೆಗಾಲದಲ್ಲಿ ಸಹ್ಯಾದ್ರಿಯ ನೀರು ಹೊತ್ತು ದಡ ಮೀರಿ ಹರಿಯುವ ಕೃಷ್ಣೆ, ಸಂಕ್ರಾಂತಿ ದಾಟಿ ಬಿಸಿಲು ಬಲಿತಂತೆ ಸೊರಗುತ್ತಿತ್ತು. ದಡದ ಮೇಲೆ ಮೋಟಾರು ಇಟ್ಟುಕೊಂಡ ರೈತ ನೀರಿನ ಹಿಂದೆಯೇ ಪೈಪನ್ನು ಕೆಳಕೆಳಗೆ ಇಳಿಸುತ್ತ ಹೋಗಬೇಕು. ಹೊಳೆ ಯಾವಾಗ ಬತ್ತುತ್ತದೆ, ಎಲ್ಲಿ ಮಡುಗಟ್ಟಿ ನಿಲ್ಲುತ್ತದೆ, ಎಲ್ಲಿ ಬಂಡೆ ಮೇಲೆ ಕಾಣುತ್ತದೆ, ಕಬ್ಬಿಗೆ ಇನ್ನೆಷ್ಟು ನೀರು ಸಿಕ್ಕರೆ ಬೇಸಿಗೆ ದಾಟುತ್ತದೆ ಎಂಬುದು ಅವನಿಗೆ ಕೈರೇಖೆಯಷ್ಟು ಪರಿಚಿತ. ಗೇಟಿನ ಲೆಕ್ಕ, ಕಾಂಕ್ರೀಟಿನ ಲೆಕ್ಕ ಎಂಜಿನಿಯರಿಂಗ್ ವಿದ್ಯೆಗೆ ಸೇರಿದ್ದು. ಯಾವ ಕಷ್ಟಕ್ಕೆ, ಎಲ್ಲಿ, ಎಷ್ಟರಮಟ್ಟಿಗೆ ಪರಿಹಾರ ಬೇಕು ಎಂಬ ನಿರ್ಣಯ ಮಾತ್ರ ಆ ಕಷ್ಟವನ್ನು ದಿನವೂ ಉಂಡವರಿಂದ ಬಂತು. ಊರು ಮುಳುಗಿಸುವ ಎತ್ತರದ ಅಣೆಕಟ್ಟು ಅವರಿಗೆ ಬೇಕಿರಲಿಲ್ಲ. ಪ್ರವಾಹ ಬಂದಾಗ ಗೇಟು ತೆರೆದು, ಮಳೆ ಹಿಂದೆ ಸರಿದ ಮೇಲೆ ಮುಚ್ಚಿ, ನದಿಯ ಪಾತ್ರದೊಳಗೇ ನೀರು ಹಿಡಿದಿಡುವ ಬ್ಯಾರೇಜು ಸಾಕಿತ್ತು.

ಕಷ್ಟ ಉಂಡವರ ಇಂಥ ತಿಳಿವಳಿಕೆಯನ್ನು ಹುಡುಕಿ ತೆಗೆಯುವುದು ಇಂದು ಬೆಂಗಳೂರಿನ ಐಟಿ ಕಂಪನಿಗಳಲ್ಲಿ ‘ಯುಎಕ್ಸ್ ರಿಸರ್ಚ್’ ಎಂಬ ಒಂದು ಉದ್ಯೋಗ. ಕನ್ನಡದಲ್ಲಿ ಬಳಕೆದಾರ ಅನುಭವ ಸಂಶೋಧನೆ ಎನ್ನಬಹುದು. ಒಂದು ಆ್ಯಪ್, ಒಂದು ಯಂತ್ರ, ಒಂದು ಸರ್ಕಾರಿ ಸೇವೆ ಅದನ್ನು ಬಳಸುವವರ ಬದುಕಿನಲ್ಲಿ ಹೇಗೆ ಕೂಡುತ್ತದೆ, ಎಲ್ಲಿ ಚುಚ್ಚುತ್ತದೆ ಎಂದು ಅರಿಯುವುದು ಇದರ ಕೆಲಸ. ಡೊನಾಲ್ಡ್ ನಾರ್ಮನ್ 1993ರಲ್ಲಿ ಆ್ಯಪಲ್ ಕಂಪನಿ ಸೇರಿ ತಮ್ಮ ಹುದ್ದೆಗೇ ‘ಬಳಕೆದಾರ ಅನುಭವ’ ಎಂಬ ಹೆಸರು ಇಟ್ಟುಕೊಂಡ ಮೇಲೆ ಈ ಮಾತು ಜಗತ್ತಿನಲ್ಲಿ ಬಳಕೆಗೆ ಬಂತು. ಹೆಸರು ಹೊಸದಾದರೂ ಬೇರುಗಳು ಹಳೆಯವು, ಹಲವು. ಆ ಬೇರುಗಳೆಲ್ಲ ಕೂಡುವ ಜಾಗದಲ್ಲಿ ಒಂದೇ ಮಾತಿದೆ ಎಂಬುದು ನನ್ನ ನಂಬಿಕೆ: ಬಳಸುವವರ ಅನುಭವವೂ ಜ್ಞಾನವೇ, ಅದಕ್ಕೆ ತಜ್ಞರ ಜ್ಞಾನದಷ್ಟೇ ಮಾನ ಸಲ್ಲಬೇಕು.

ತಪ್ಪು ಯಾರದು?

ಮೊದಲ ಬೇರು ಎರಡನೇ ಮಹಾಯುದ್ಧದ ವಿಮಾನಗಳಲ್ಲಿದೆ. ಅಮೆರಿಕದ ಬಿ–17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲ ಮುಟ್ಟಿದ ಮೇಲೆ ಹೊಟ್ಟೆ ಉಜ್ಜಿಕೊಂಡು ಕುಸಿಯುತ್ತಿದ್ದವು. ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಚಲು ಹೋಗಿ ಚಕ್ರಗಳನ್ನೇ ಒಳಗೆಳೆದುಬಿಡುತ್ತಿದ್ದರು. ‘ಪೈಲಟ್ ತಪ್ಪು’ ಎಂದು ಬರೆದು ಕಡತ ಮುಚ್ಚುವುದು ರೂಢಿಯಾಗಿತ್ತು. ಮನಶ್ಶಾಸ್ತ್ರಜ್ಞ ಅಲ್ಫಾನ್ಸ್ ಚಾಪನಿಸ್ ಕಾಕ್‌ಪಿಟ್ ನೋಡಿದಾಗ ಎರಡೂ ಸ್ವಿಚ್ಚುಗಳು ಅಕ್ಕಪಕ್ಕದಲ್ಲಿದ್ದವು, ನೋಡಲೂ ಮುಟ್ಟಲೂ ಒಂದೇ ತರಹ ಇದ್ದವು. ಚಕ್ರದ ಹಿಡಿಕೆಗೆ ಚಕ್ರದಂಥ ರಬ್ಬರ್ ತುಂಡು, ಫ್ಲ್ಯಾಪಿನ ಹಿಡಿಕೆಗೆ ಬೆಣೆಯಾಕಾರದ ತುಂಡು ಸಿಕ್ಕಿಸಿದರು. ಕತ್ತಲಲ್ಲೂ ಕೈಗೆ ವ್ಯತ್ಯಾಸ ತಿಳಿಯಿತು. ಆ ಬಗೆಯ ಅಪಘಾತ ನಿಂತಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ‘ಪೈಲಟ್ ತಪ್ಪು’ ಎಂದು ದಾಖಲಾದ 460 ಪ್ರಸಂಗಗಳನ್ನು ಬಿಡಿಸಿ ನೋಡಿ, ಬಹುಪಾಲು ತಪ್ಪುಗಳು ಉಪಕರಣದ ವಿನ್ಯಾಸದಲ್ಲೇ ಹುಟ್ಟುತ್ತವೆ ಎಂದು ತೋರಿಸಿದರು.

ಬಳಕೆದಾರ ಅನುಭವ ಸಂಶೋಧನೆಯ ಮೊದಲ ನೀತಿ ಇಲ್ಲಿಂದ ಬಂತು. ಹತ್ತು ಜನ ಒಂದೇ ಜಾಗದಲ್ಲಿ ಎಡವಿದರೆ ಕಾಲನ್ನು ಬೈಯಬಾರದು, ಹೊಸ್ತಿಲನ್ನು ನೋಡಬೇಕು. ನಮ್ಮ ಕಚೇರಿಗಳಲ್ಲಿ ‘ಜನಕ್ಕೆ ಅರ್ಜಿ ತುಂಬಲು ಬರುವುದಿಲ್ಲ’ ಎನ್ನುವವರು ಈ 460 ಪ್ರಸಂಗಗಳನ್ನು ನೆನೆಯಬೇಕು.

ಮನಸ್ಸಿನೊಳಗಿನ ಚಿತ್ರ

ಎರಡನೆಯ ಬೇರು ಮನಸ್ಸಿಗೆ ಸೇರಿದ್ದು. ಮನುಷ್ಯ ತನ್ನ ತಲೆಯೊಳಗೆ ಹೊರಜಗತ್ತಿನ ಪುಟ್ಟ ಮಾದರಿಯೊಂದನ್ನು ಇಟ್ಟುಕೊಂಡು, ಅದರ ಆಧಾರದ ಮೇಲೆ ಮುಂದಾಗುವುದನ್ನು ಊಹಿಸುತ್ತಾನೆ ಎಂದು ಬ್ರಿಟನ್ನಿನ ಕೆನೆತ್ ಕ್ರೇಕ್ 1943ರಲ್ಲೇ ವಾದಿಸಿದ್ದರು. ನಾರ್ಮನ್ 1980ರ ದಶಕದಲ್ಲಿ ಇದನ್ನು ಯಂತ್ರಗಳಿಗೆ ಅನ್ವಯಿಸಿದರು. ಯಂತ್ರ ಮಾಡಿದವನ ತಲೆಯಲ್ಲಿ ಒಂದು ಚಿತ್ರ, ಬಳಸುವವನ ತಲೆಯಲ್ಲಿ ಇನ್ನೊಂದು ಚಿತ್ರ. ಎರಡೂ ಹೊಂದದಿದ್ದರೆ ಎರಡು ಕಂದರಗಳು ಬಾಯ್ದೆರೆಯುತ್ತವೆ. ‘ನನಗೆ ಬೇಕಾದ್ದನ್ನು ಇದರಿಂದ ಹೇಗೆ ಮಾಡಿಸಲಿ’ ಎಂಬುದು ಮೊದಲನೆಯದು. ‘ಈಗ ಏನಾಯಿತು’ ಎಂಬುದು ಎರಡನೆಯದು.

ಇದಕ್ಕೆ ಕನ್ನಡದಲ್ಲೇ ಒಳ್ಳೆಯ ನಿದರ್ಶನವಿದೆ. ಕನ್ನಡ ಬೆರಳಚ್ಚು ಯಂತ್ರದಲ್ಲಿ ಅಕ್ಷರವನ್ನು ಆಕಾರದ ತುಂಡುಗಳಾಗಿ ಜೋಡಿಸಬೇಕಿತ್ತು. ಬರೆಯುವವರ ಮನಸ್ಸಿನಲ್ಲಿ ಇರುವುದು ಧ್ವನಿಯ ಕ್ರಮ, ಯಂತ್ರ ಕೇಳುತ್ತಿದ್ದುದು ಆಕಾರದ ಕ್ರಮ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಈ ಕಂದರಕ್ಕೆ ಸೇತುವೆ ಹಾಕಿತು. ಇಂಗ್ಲಿಷ್ ಕೀಲಿಮಣೆಯ ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ಎರಡು ವ್ಯಂಜನಗಳ ನಡುವೆ ಒಂದು ಕೀಲಿ. ನುಡಿಯುವ ಕ್ರಮದಲ್ಲೇ ಬೆರಳು ಓಡಿದರೆ ಸಾಕು, ಆಕಾರ ಕೂಡಿಸುವ ತಲೆನೋವು ಕಂಪ್ಯೂಟರಿನದು. ‘ನುಡಿ’ ತಂತ್ರಾಂಶದ ಮೂಲಕ ಅದು ಸರ್ಕಾರಿ ಕಚೇರಿಗಳನ್ನೂ ಮುಟ್ಟಿತು. ಬಳಸುವವರ ಮನಸ್ಸಿನ ಚಿತ್ರಕ್ಕೆ ಯಂತ್ರವೇ ಬಾಗಿದ್ದರಿಂದ ಲಕ್ಷಾಂತರ ಜನರಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಹಗುರವಾಯಿತು.

ಕೈ ಬಲ್ಲದ್ದು, ಬಾಯಿ ಹೇಳದ್ದು

ಹಾಗಾದರೆ ಬಳಸುವವರ ಮನಸ್ಸಿನಲ್ಲಿ ಏನಿದೆ ಎಂದು ಅವರನ್ನೇ ಕೇಳಿದರೆ ಸಾಲದೇ? ಸಾಲದು. ಏಕೆ ಎಂದು ತಿಳಿಯಲು ರಬಕವಿ–ಬನಹಟ್ಟಿಯ ನೇಕಾರರ ಓಣಿಗೆ ಹೋಗಬೇಕು. ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ನೇಕಾರನ ಎದುರು ಹಾಸಿನ ಸಾವಿರಾರು ಎಳೆಗಳು ಬಿಗಿದು ನಿಂತಿರುತ್ತವೆ. ಲಾಳಿ ಅತ್ತಿಂದಿತ್ತ ಓಡುತ್ತದೆ. ಅಷ್ಟರಲ್ಲಿ ಎಲ್ಲೋ ಒಂದು ಎಳೆ ಕಡಿಯುತ್ತದೆ. ಕಣ್ಣು ಅದನ್ನು ಹುಡುಕುವ ಮೊದಲೇ ಕೈ ನಿಂತಿರುತ್ತದೆ. ಬೆರಳುಗಳು ಎರಡು ತುದಿ ಹಿಡಿದು, ಹೊಸೆದು, ಹಣಿಗೆಯ ಸಂದಿಯಲ್ಲಿ ಎಳೆದು ಕೂಡಿಸುತ್ತವೆ. ಮತ್ತೆ ಲಾಳಿ ಓಡುತ್ತದೆ. ಎಳೆ ಕಡಿದದ್ದು ಹೇಗೆ ತಿಳಿಯಿತು ಎಂದು ಕೇಳಿದರೆ ‘ಅದು ಗೊತ್ತಾಗ್ತದರಿ’ ಎನ್ನುವುದು ಬಿಟ್ಟು ಬೇರೆ ಉತ್ತರ ಸಿಗುವುದು ಕಷ್ಟ. ಸದ್ದು ಕೊಂಚ ಬದಲಾದದ್ದೋ, ಬಿಗಿ ಸಡಿಲಾದದ್ದೋ, ಕೈ ಬಲ್ಲದು.

ಹಂಗೇರಿ ಮೂಲದ ಚಿಂತಕ ಮೈಕೆಲ್ ಪೊಲಾನಿ 1966ರ ತಮ್ಮ ಪುಸ್ತಕದಲ್ಲಿ ಇಂಥ ಅರಿವನ್ನು ತತ್ವದ ಮಟ್ಟಕ್ಕೆ ಏರಿಸಿದರು. ಮನುಷ್ಯನ ಬಲ್ಮೆ ಅವನ ಮಾತಿಗಿಂತ ಯಾವಾಗಲೂ ದೊಡ್ಡದು ಎಂಬುದು ಅವರ ವಾದದ ತಿರುಳು. ಸಂಶೋಧನೆಯ ವಿಧಾನವನ್ನೇ ಈ ಮಾತು ಬದಲಿಸುತ್ತದೆ. ಪ್ರಶ್ನಾವಳಿ ಹಂಚಿ ‘ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ’ ಎಂದು ಗುರುತು ಹಾಕಿಸಿಕೊಂಡರೆ ಬಾಯಿ ಹೇಳಬಲ್ಲದ್ದು ಮಾತ್ರ ದಕ್ಕುತ್ತದೆ. ಕೈ ಬಲ್ಲದ್ದು ಬೇಕಾದರೆ ಕೆಲಸ ನಡೆಯುವ ಜಾಗದಲ್ಲಿ, ಕೆಲಸ ನಡೆಯುವಾಗ ಪಕ್ಕದಲ್ಲಿ ಕೂರಬೇಕು. ಕ್ಯಾರೆನ್ ಹೋಲ್ಟ್ಸ್‌ಬ್ಲಾಟ್ ಮತ್ತು ಹ್ಯೂ ಬೆಯರ್ 1990ರ ದಶಕದಲ್ಲಿ ಇದನ್ನು ಒಂದು ವಿಧಾನವಾಗಿ ರೂಪಿಸಿದಾಗ, ಸಂಶೋಧಕ ಶಿಷ್ಯನಂತೆ ಕೂರಬೇಕು, ಬಳಸುವವರು ಗುರುವಿನ ಸ್ಥಾನದಲ್ಲಿರಬೇಕು ಎಂದರು. ಡಾಂಭಿಕ ವಿನಯಕ್ಕಾಗಿ ಹೇಳಿದ ಮಾತಲ್ಲ ಅದು. ತಿಳಿವಳಿಕೆ ಯಾರ ಬಳಿ ಇದೆಯೋ ಅವರೇ ಗುರು ಎಂಬ ನೇರ ಲೆಕ್ಕ.

ಯೋಜನೆ ಒಂದು, ಹೊಲ ಇನ್ನೊಂದು

ಮೂರನೆಯ ಬೇರು ಮಾನವಶಾಸ್ತ್ರದ್ದು. ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆ ಹೊಸ ನಕಲು ಯಂತ್ರದ ಮುಂದೆ ಜನರು ಒದ್ದಾಡುವುದನ್ನು ವಿಡಿಯೊ ಮಾಡಿದರು. ಪರಿಣತ ಕಂಪ್ಯೂಟರ್ ವಿಜ್ಞಾನಿಗಳೇ ಎರಡು ಬದಿಯ ಪ್ರತಿ ತೆಗೆಯಲಾಗದೆ ಕಂಗಾಲಾದರು. ಯಂತ್ರ ಬಳಸುವವರು ಇಂಥ ಯೋಜನೆಯಂತೆ, ಇಂಥ ಹೆಜ್ಜೆಗಳಲ್ಲಿ ನಡೆಯುತ್ತಾರೆ ಎಂದು ತಯಾರಕರು ಊಹಿಸಿದ್ದರು. ಜನರಾದರೋ ಎದುರಿಗೆ ಒದಗಿದ ಸನ್ನಿವೇಶ ನೋಡಿಕೊಂಡು ಮುಂದಿನ ಹೆಜ್ಜೆ ಇಡುತ್ತಿದ್ದರು. 1987ರಲ್ಲಿ ಪ್ರಕಟವಾದ ಅವರ ಪುಸ್ತಕ ಈ ಕ್ಷೇತ್ರದ ದಿಕ್ಕು ಬದಲಿಸಿತು. ಕೆಲಸವನ್ನು ಅದರ ಸನ್ನಿವೇಶದಿಂದ ಕಿತ್ತು ಅರಿಯಲಾಗದು ಎಂಬುದು ಅದರ ಪಾಠ.

ಈ ಪಾಠವನ್ನು ನಮ್ಮ ಹೊಲಕ್ಕೆ ತರೋಣ. 2020ರಿಂದ ರಾಜ್ಯದ ರೈತರು ತಮ್ಮ ಬೆಳೆಯ ವಿವರವನ್ನು ಮೊಬೈಲ್ ಆ್ಯಪಿನಲ್ಲಿ ತಾವೇ ದಾಖಲಿಸುವ ವ್ಯವಸ್ಥೆ ಬಂದಿದೆ. ಉದ್ದೇಶ ಒಳ್ಳೆಯದು. ಉತಾರದಲ್ಲಿ (ಪಹಣಿಯಲ್ಲಿ) ಬೆಳೆ ತಪ್ಪಾಗಿ ನಮೂದಾದರೆ ವಿಮೆ, ಪರಿಹಾರ, ಬೆಂಬಲ ಬೆಲೆ ಎಲ್ಲದರಲ್ಲೂ ರೈತನಿಗೇ ಪೆಟ್ಟು. ತಲಾಠಿಯ ದಾರಿ ಕಾಯದೆ ಅವನೇ ದಾಖಲಿಸಿದರೆ ಒಳಿತಲ್ಲವೇ? ಆ್ಯಪಿನ ಯೋಜನೆಯಲ್ಲಿ ಹೆಜ್ಜೆಗಳು ಸಲೀಸು: ಸರ್ವೆ ನಂಬರು ಆರಿಸಿ, ಹೊಲದಲ್ಲಿ ನಿಂತು, ಬೆಳೆ ಮತ್ತು ವಿಸ್ತೀರ್ಣ ತುಂಬಿ, ಫೋಟೊ ತೆಗೆದು ಕಳಿಸಿ.

ಹೊಲದಲ್ಲಿ ನಿಂತವನ ಸನ್ನಿವೇಶ ಬೇರೆ. ಜಮಖಂಡಿ, ಮುಧೋಳದ ಕಡೆ ಕಬ್ಬು ಆಳೆತ್ತರ ಮೀರಿ ಬೆಳೆದಿರುತ್ತದೆ. ಗರಿಯ ಅಂಚು ಕೈ ಕೊಯ್ಯುತ್ತದೆ. ಬಿಸಿಲಿಗೆ ಪರದೆ ಕಾಣುವುದಿಲ್ಲ, ಬೆವರಿದ ಬೆರಳಿಗೆ ಪರದೆ ಓಗೊಡುವುದಿಲ್ಲ. ಉತಾರ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹೊಲ ಹಂಚಿಕೊಂಡಿದ್ದಾರೆ, ಬದುವು ಒಂದು ಕಡೆ, ನಕಾಶೆಯ ಗೆರೆ ಇನ್ನೊಂದು ಕಡೆ. ಅರಿಷಿಣದ ನಡುವೆ ಇನ್ನೊಂದು ಬೆಳೆ ಇದೆ, ಯಾವುದನ್ನು ಮುಖ್ಯ ಬೆಳೆ ಎನ್ನಬೇಕು? ಇವನ್ನೆಲ್ಲ ಬೆಂಗಳೂರಿನ ಹವಾನಿಯಂತ್ರಿತ ಕೊಠಡಿಯಲ್ಲಿ ಊಹಿಸಲಾಗದು. ಹೊಲಕ್ಕೆ ಹೋಗಿಯೇ ತಿಳಿಯಬೇಕು.

ಬಳಕೆಯೋಗ್ಯತೆಯ ಅಂತರರಾಷ್ಟ್ರೀಯ ಮಾನದಂಡ ‘ಐಎಸ್ಒ 9241’ ಕೂಡ ಇದನ್ನೇ ಹೇಳುತ್ತದೆ. ಒಂದು ವಸ್ತು ಬಳಸಲು ಯೋಗ್ಯವೇ ಎಂದು ಗಾಳಿಯಲ್ಲಿ ತೀರ್ಮಾನಿಸುವಂತಿಲ್ಲ. ಇಂಥ ಜನ, ಇಂಥ ಗುರಿ, ಇಂಥ ಸನ್ನಿವೇಶ ಎಂದು ಗೊತ್ತುಪಡಿಸಿದ ಮೇಲೆ ಗುರಿ ಮುಟ್ಟಿತೇ, ಎಷ್ಟು ಶ್ರಮ ತಗುಲಿತು, ಮನಸ್ಸಿಗೆ ಒಪ್ಪಿತೇ ಎಂದು ಅಳೆಯಬೇಕು. 2010ರಲ್ಲಿ ಬಂದ ಅದರ ಇನ್ನೊಂದು ಭಾಗ, ಬಳಸುವ ಮೊದಲಿನ ನಿರೀಕ್ಷೆಯನ್ನೂ ಅನುಭವದೊಳಗೆ ಸೇರಿಸಿತು. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಹತ್ತಿ ಸೋತವನು ಆ್ಯಪನ್ನು ತೆರೆಯುವಾಗ ಆ ಸೋಲನ್ನೂ ಜೊತೆಗೆ ತಂದಿರುತ್ತಾನೆ.

ಬಳಕೆದಾರ ಒಬ್ಬನೇ ಅಲ್ಲ

‘ಒಬ್ಬ ಮನುಷ್ಯ, ಒಂದು ಪರದೆ’ ಎಂಬ ಪಶ್ಚಿಮದ ಊಹೆಗೆ ಪೆಟ್ಟು ಕೊಟ್ಟ ಮುಖ್ಯ ಅಧ್ಯಯನಗಳು ನಡೆದದ್ದು ನಮ್ಮ ಬೆಂಗಳೂರಿನ ಕೊಳೆಗೇರಿಗಳಲ್ಲಿ ಎಂಬುದು ಹೆಮ್ಮೆಯ ಸಂಗತಿ. ಮೈಕ್ರೊಸಾಫ್ಟ್ ರಿಸರ್ಚ್ ಇಂಡಿಯಾದ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು 2006ರ ಹೊತ್ತಿಗೆ, ಓದುಬರಹ ಬಾರದ ಮನೆಗೆಲಸದ ಮಹಿಳೆಯರಿಗಾಗಿ ಅಕ್ಷರವೇ ಇಲ್ಲದ, ಚಿತ್ರ ಮತ್ತು ಧ್ವನಿಯ ಉದ್ಯೋಗ ಮಾಹಿತಿ ವ್ಯವಸ್ಥೆ ರೂಪಿಸಿದರು. ಗುಂಡಿ ಒತ್ತುವುದು ಹೇಗೆಂದು ಕಲಿತ ಮೇಲೂ ಮಹಿಳೆಯರಿಗೆ ಒಂದು ಒಗಟು ಉಳಿದಿತ್ತು. ಈ ಪೆಟ್ಟಿಗೆಯೊಳಗೆ ಕೆಲಸದ ಸುದ್ದಿ ಹೇಗೆ ಬಂತು, ಇದರಿಂದ ನಮಗೇನು? ಕೆಲಸ ಕೊಡುವವರು ಮಾಹಿತಿ ಕೊಡುವುದರಿಂದ ಹಿಡಿದು ಕೆಲಸ ಸಿಗುವವರೆಗಿನ ಕಥೆಯನ್ನು ಪುಟ್ಟ ನಾಟಕದಂತೆ ವಿಡಿಯೊ ಮಾಡಿ ತೋರಿಸಿದಾಗ ಒಗಟು ಬಗೆಹರಿಯಿತು. ಓದಲು ಬಾರದಿರುವುದು ಅಡ್ಡಿಯ ಒಂದು ಭಾಗ ಮಾತ್ರ. ವ್ಯವಸ್ಥೆಯ ಪೂರ್ತಿ ಕಥೆ ತಿಳಿಯದಿರುವುದು ಇನ್ನೂ ದೊಡ್ಡ ಅಡ್ಡಿ.

2010ರಲ್ಲಿ ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು ಇನ್ನೊಂದು ಸಂಗತಿಗೆ ಕನ್ನಡಿ ಹಿಡಿದರು. ಎಷ್ಟೋ ಜನ ತಂತ್ರಜ್ಞಾನವನ್ನು ನೇರವಾಗಿ ಮುಟ್ಟುವುದೇ ಇಲ್ಲ, ಮಗ, ನೆರೆಯವಳು, ಅಂಗಡಿಯವನು ಹೀಗೆ ಮಧ್ಯವರ್ತಿಯ ಕೈಯಿಂದ ಬಳಸುತ್ತಾರೆ. ಹಳ್ಳಿಯ ಕಟ್ಟೆಯ ಮೇಲೆ ಇದು ದಿನನಿತ್ಯದ ನೋಟ. ಅರ್ಜಿ ಮಗನ ಫೋನಿನಲ್ಲಿ, ಆಧಾರಿಗೆ ಜೋಡಿಸಿದ ನಂಬರು ಅಪ್ಪನ ಹಳೇ ಕೀಪ್ಯಾಡ್ ಫೋನಿನಲ್ಲಿ. ‘ಯಪ್ಪಾ, ನಿನ್ನ ಫೋನಿಗೆ ಒಟಿಪಿ ಬಂತೇನ ನೋಡ’ ಎಂದು ಮಗ ಕೂಗುವಷ್ಟರಲ್ಲಿ ಸಮಯ ಮೀರಿ ಪರದೆ ಮೊದಲಿಗೆ ಮರಳಿರುತ್ತದೆ. ಇಲ್ಲಿ ಬಳಕೆದಾರ ಯಾರು? ಅಪ್ಪನೇ? ಮಗನೇ? ಇಡೀ ಮನೆತನವೇ ಬಳಕೆದಾರ. ಹಾಗೆಂದು ಒಪ್ಪಿಕೊಂಡರೆ ಒಟಿಪಿಗೆ ಕೊಡುವ ಸಮಯ, ಗೋಪ್ಯತೆಯ ನಿಯಮ, ರಸೀದಿಯ ರೂಪ ಎಲ್ಲವೂ ಬದಲಾಗಬೇಕಾಗುತ್ತದೆ.

ಐದು ಜನರಿಂದ ಪರೀಕ್ಷೆ ಮಾಡಿಸಿದರೆ ಬಹುಪಾಲು ದೋಷಗಳು ಕಾಣುತ್ತವೆ ಎಂಬ ಸೂತ್ರವೊಂದು ಈ ಕ್ಷೇತ್ರದಲ್ಲಿ ಜನಪ್ರಿಯ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಮಂಡಿಸಿದ ಗಣಿತದ ಮಾದರಿ ಅದರ ಮೂಲ. ಆದರೆ ಆ ಐವರೂ ಒಂದೇ ಬಗೆಯ ಬಳಕೆದಾರರಾಗಿದ್ದರೆ ಮಾತ್ರ ಸೂತ್ರ ನಿಲ್ಲುತ್ತದೆ. ಒಂದೇ ಕಚೇರಿಯ ಐದು ಪದವೀಧರರು ಬೀಳಗಿಯ ಒಣಬೇಸಾಯದ ಮುದುಕಿಯ ಪರವಾಗಿ ಮಾತಾಡಲಾರರು.

ಪಾಲು ಕೊಟ್ಟರೆ ಮಾತ್ರ

ನಾಲ್ಕನೆಯ ಬೇರು ರಾಜಕೀಯದ್ದು, ಚಿಕ್ಕಪಡಸಲಗಿಗೆ ಬಹಳ ಹತ್ತಿರದ್ದು. 1970ರ ದಶಕದ ಆರಂಭದಲ್ಲಿ ನಾರ್ವೆಯ ಕಾರ್ಖಾನೆಗಳಿಗೆ ಕಂಪ್ಯೂಟರ್ ಕಾಲಿಡುತ್ತಿದ್ದಾಗ, ಗಣಕ ವಿಜ್ಞಾನಿ ಕ್ರಿಸ್ಟನ್ ನೈಗಾರ್ಡ್ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಕೂತರು. ತಮ್ಮ ಕೆಲಸವನ್ನು ಬದಲಿಸುವ ಯಂತ್ರದ ಬಗ್ಗೆ ಕಾರ್ಮಿಕರಿಗೆ ತಿಳಿಯುವ, ಮಾತಾಡುವ, ತಡೆಯುವ ಹಕ್ಕಿದೆ ಎಂಬ ನೆಲೆಯಿಂದ ಕೆಲಸ ಶುರುವಾಯಿತು. ಮುಂದೆ 1981ರಿಂದ ನಡೆದ ‘ಯುಟೋಪಿಯಾ’ ಯೋಜನೆಯಲ್ಲಿ ಪತ್ರಿಕಾ ಮುದ್ರಣದ ಕಾರ್ಮಿಕರು ಮತ್ತು ಸಂಶೋಧಕರು ರಟ್ಟಿನ ಡಬ್ಬಿಗಳಿಂದ ನಕಲಿ ಯಂತ್ರ ಮಾಡಿ, ಅದರ ಮುಂದೆ ಕೆಲಸ ಮಾಡಿದಂತೆ ನಟಿಸಿ, ನಾಳೆಯ ಪುಟವಿನ್ಯಾಸದ ಯಂತ್ರ ಹೇಗಿರಬೇಕು ಎಂದು ಜೊತೆಯಾಗಿ ತೀರ್ಮಾನಿಸಿದರು. ಬಳಸುವವರು ಮಾಹಿತಿ ಕೊಟ್ಟು ಮನೆಗೆ ಹೋಗುವವರಲ್ಲ, ನಿರ್ಣಯದಲ್ಲಿ ಪಾಲುದಾರರು ಎಂಬ ಈ ತತ್ವಕ್ಕೆ ಸಹಭಾಗಿ ವಿನ್ಯಾಸ ಎಂದು ಹೆಸರು.

ಕೃಷ್ಣಾ ತೀರದ ರೈತರು ನಾರ್ವೆಯ ಕಥೆ ಕೇಳಿ ಬ್ಯಾರೇಜು ಕಟ್ಟಲಿಲ್ಲ. ಆದರೂ ಅವರು ಮಾಡಿದ್ದು ಇದೇ ತತ್ವದ ತುತ್ತತುದಿಯ ರೂಪ. ಹಣ ಅವರದು, ದುಡಿಮೆ ಅವರದು, ಹೀಗಾಗಿ ನಿರ್ಣಯವೂ ಅವರದು. ಕಟ್ಟಿದ ಮೇಲೂ ಕೈಬಿಡಲಿಲ್ಲ. ಕೆಳಭಾಗದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹತ್ತಿರ ಬಂದ ಮೇಲೆ ಅದನ್ನು ಪಂಪುಗಳಿಂದ ಎತ್ತಿ ಬ್ಯಾರೇಜು ತುಂಬಿಸಿಕೊಳ್ಳುವ ಏರ್ಪಾಡನ್ನೂ ಮಾಡಿಕೊಂಡರು. ಬಳಸುತ್ತ ತಿದ್ದುವುದು, ತಿದ್ದುತ್ತ ಬಳಸುವುದು ವಿನ್ಯಾಸ ಶಾಸ್ತ್ರದ ಕೊನೆಯ ಪಾಠ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಬ್ಯಾರೇಜು, ಏತ ನೀರಾವರಿ, ಸಕ್ಕರೆ ಕಾರ್ಖಾನೆಗಳು ಕೂಡಿ ಈ ಸೀಮೆಯನ್ನು ಕಬ್ಬಿನ ಸೀಮೆ ಮಾಡಿದವು. ಅತಿಯಾದ ನೀರಿನಿಂದ ನದಿತೀರದ ಎಷ್ಟೋ ಕಪ್ಪು ಭೂಮಿ ಸವಳು–ಜವಳಾಗಿ ಬಂಜರಾಯಿತು. ನೀರು ಬೇಕು ಎಂದ ರೈತನ ಅನುಭವ ಸತ್ಯವೇ. ಇಪ್ಪತ್ತು ವರ್ಷದ ನಂತರ ಮಣ್ಣು ಹೇಳುವ ಸತ್ಯ ಆಗಿನ ಸಭೆಯಲ್ಲಿ ಇರಲಿಲ್ಲ. ಕಬ್ಬು ಕಡಿಯಲು ಗ್ಯಾಂಗ್ ಕಟ್ಟಿಕೊಂಡು ಬರುವ ಕೂಲಿಯವರು, ದಡದಲ್ಲಿ ಹೊಲವಿಲ್ಲದವರು, ಕೊಡ ಹೊತ್ತು ನೀರು ತರುವ ಹೆಣ್ಣುಮಕ್ಕಳು ಇಂಥ ನಿರ್ಣಯಗಳ ಸಭೆಗೆ ಬರುವುದು ಅಪರೂಪ. ಆದ್ದರಿಂದ ಒಳ್ಳೆಯ ಸಂಶೋಧಕರು ಬಂದವರ ಮಾತು ಬರೆದುಕೊಂಡ ಮೇಲೆ ಬಾರದವರ ಮನೆ ಹುಡುಕಿ ಹೋಗುತ್ತಾರೆ. ಬಳಸುವವರ ಜ್ಞಾನಕ್ಕೆ ಮಾನ ಕೊಡುವುದೆಂದರೆ ಗಟ್ಟಿದನಿಯವರ ಜ್ಞಾನಕ್ಕಷ್ಟೇ ಮಾನ ಕೊಡುವುದಲ್ಲ.

ಸರ್ಕಾರ ಇಂದು ಪಡಿತರ, ಪಿಂಚಣಿ, ಬೆಳೆವಿಮೆ, ಉತಾರ ಎಲ್ಲವನ್ನೂ ಪರದೆಯ ಹಿಂದೆ ಇಡುತ್ತಿದೆ. ಪರದೆ ತೆರೆಯದಿದ್ದರೆ ಹಕ್ಕೇ ತಪ್ಪಿಹೋಗುತ್ತದೆ. ಹೀಗಿರುವಾಗ ಈ ಶಾಸ್ತ್ರ ಐಟಿ ಕಂಪನಿಗಳ ಲಾಭದ ಸಾಧನವಾಗಿ ಉಳಿಯಬಾರದು, ಆಡಳಿತದ ಕರ್ತವ್ಯವಾಗಬೇಕು. ಇಲಾಖೆಗಳು ಯಾವುದೇ ಆ್ಯಪಿಗೆ ಟೆಂಡರ್ ಕರೆಯುವ ಮುನ್ನ ಅದನ್ನು ಬಳಸಬೇಕಾದ ಜನರ ನಡುವೆ ಕೂತು ಅಧ್ಯಯನ ಮಾಡಿಸಲಿ. ಹೊಲದಲ್ಲಿ, ಮಗ್ಗದ ಮನೆಯಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಪರೀಕ್ಷೆ ನಡೆಯದೆ ಬಿಲ್ಲು ಪಾಸಾಗದಿರಲಿ. ಬಂದ ದೂರನ್ನು ‘ಜನರ ಅಜ್ಞಾನ’ ಎಂದು ಬರೆಯುವ ಬದಲು ವಿನ್ಯಾಸದ ದೋಷ ಎಂದು ದಾಖಲಿಸಲಿ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳನ್ನು ಒಂದು ಹಂಗಾಮಿನ ಮಟ್ಟಿಗಾದರೂ ಈ ಊರುಗಳಿಗೆ ಶಿಷ್ಯರನ್ನಾಗಿ ಕಳಿಸಲಿ. ಓದುಗರೂ ಒಂದು ಮಾತು ನೆನಪಿಡಬೇಕು. ಪರದೆಯ ಮುಂದೆ ತಡವರಿಸಿದಾಗ ನಿಮ್ಮನ್ನು ನೀವು ದಡ್ಡರೆಂದು ಬೈದುಕೊಳ್ಳಬೇಡಿ. ಎಲ್ಲಿ ತಡವರಿಸಿದಿರಿ ಎಂದು ಬರೆದು ಇಲಾಖೆಗೆ ಕಳಿಸಿ. ಆ ಪರದೆಯನ್ನು ಮಾಡಿದವರಿಗೆ ತಿಳಿಯದ ಒಂದು ವಿಷಯ ನಿಮಗೆ ತಿಳಿದಿದೆ.